ಬ್ರೌನ್‌ಶ್ವೈಗಿನ ಜೋಡಿಗಣ್ಣಿನ ಕ್ಯಾಮೆರಾ

ಕ್ಯಾಮೆರಾದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಮಸೂರದ ಇತಿಹಾಸವನ್ನು ಬರೆದು ತೃಪ್ತರಾಗುತ್ತಾರೆ. ಬೆಳಕನ್ನು ಬಾಗಿಸುವ ಗಾಜಿನ ಮಹಿಮೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಗಾಜಿನ ಫಲಕಗಳನ್ನು ಒಂದೊಂದಾಗಿ ಹೂಡಿ ತೆಗೆಯುತ್ತಿದ್ದ ಕಾಲವು ಹಿಂದೆ ಸರಿದು, ಕಾಗದದ ಬೆನ್ನಿನೊಡನೆ ಸುರುಳಿಯಾಗಿ ಸುತ್ತಿದ ಫಿಲ್ಮು ಬಳಕೆಗೆ ಬಂದಂದಿನಿಂದ, ಮಸೂರಕ್ಕೆ ಸಂಬಂಧಪಡದ ಇನ್ನೊಂದು ಸಮಸ್ಯೆಯು ಕ್ಯಾಮೆರಾ ಕಟ್ಟುವವರ ಮುಂದೆ ಬಂದು ನಿಂತಿತು: ಕತ್ತಲೆಯ ಪೆಟ್ಟಿಗೆಯೊಳಗೆ ಯಾರ ಕಣ್ಣಿಗೂ ಬೀಳದೆ ಸಾಗುವ ಈ ಸುರುಳಿಯು ಈಗ ಎಲ್ಲಿಗೆ ಬಂದಿದೆ, ಇನ್ನೆಷ್ಟು ಸರಿದರೆ ಒಂದು ಚಿತ್ರದ ಮೇಲೆ ಇನ್ನೊಂದು ಬೀಳದೆ, ನಡುವೆ ಫಿಲ್ಮೂ ವ್ಯರ್ಥವಾಗದೆ ಇರುತ್ತದೆ ಎಂಬುದನ್ನು ಅರಿಯುವ ಬಗೆ ಹೇಗೆ? ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ 1929ರಲ್ಲಿ ಹುಟ್ಟಿ, ಮುಂದಿನ ಮೂರು ದಶಕಗಳ ಕಾಲ ಜಗತ್ತಿನ ಎಷ್ಟೋ ಛಾಯಾಗ್ರಾಹಕರ ಎದೆಯ ಮೇಲೆ ತೂಗಿದ ರೋಲೈಫ್ಲೆಕ್ಸ್ ಕ್ಯಾಮೆರಾದ ಹಿರಿಮೆಯನ್ನು, ಅದರ ಮಸೂರಗಳಿಗಿಂತ ಮಿಗಿಲಾಗಿ, ಈ ಪ್ರಶ್ನೆಗೆ ಅದು ಕಂಡುಕೊಂಡ ಉತ್ತರದಲ್ಲಿ ಅರಸಬೇಕೆಂಬುದು ನನ್ನ ಮತ.

ಬ್ರೌನ್‌ಶ್ವೈಗ್ ಆ ವೇಳೆಗಾಗಲೇ ದೃಗುಪಕರಣಗಳಿಗೆ ಹೆಸರಾದ ಊರಾಗಿದ್ದಿತು. 1756ರಲ್ಲಿ ವಿಯೆನ್ನದಲ್ಲಿ ಸ್ಥಾಪಿತವಾದ ಫೋಖ್ಟ್‌ಲೆಂಡರ್ ಸಂಸ್ಥೆಯು 1849ರಲ್ಲಿ ಅಲ್ಲಿಗೆ ಬಂದು ನೆಲೆಯೂರಿದ್ದುದರಿಂದ, ಗಾಜನ್ನು ಉಜ್ಜಿ ಹದಗೊಳಿಸುವ, ಹಿತ್ತಾಳೆಯನ್ನು ಕೂದಲೆಳೆಯ ಲೆಕ್ಕದಲ್ಲಿ ಕಡೆಯುವ ಕುಶಲಿಗಳು ತಲೆಮಾರುಗಳಿಂದ ಆ ಊರಿನಲ್ಲಿ ಬೆಳೆದು ಬಂದಿದ್ದರು. ಆ ಸಂಸ್ಥೆಯಲ್ಲಿ ದುಡಿದ ಇಬ್ಬರು, ವ್ಯಾಪಾರವನ್ನು ಬಲ್ಲ ಪೌಲ್ ಫ್ರಾಂಕೆ ಮತ್ತು ಯಂತ್ರವನ್ನು ಬಲ್ಲ ರೈನ್‌ಹೋಲ್ಡ್ ಹೈಡೆಕೆ, ಮೊದಲನೆಯ ಮಹಾಯುದ್ಧವು ಮುಗಿದು ದೇಶವು ಸೋಲಿನಲ್ಲಿಯೂ ಬಡತನದಲ್ಲಿಯೂ ಕುಸಿದಿದ್ದ 1920ರಲ್ಲಿ ಹೊರಬಂದು ತಮ್ಮದೇ ಆದ ಕಾರ್ಯಾಗಾರವೊಂದನ್ನು ತೆರೆದರು. ಹೈಡೆಕೆಯ ಮನಸ್ಸಿನಲ್ಲಿ ಯುದ್ಧಕಾಲದಲ್ಲಿಯೇ ಒಂದು ಕಲ್ಪನೆ ಮೊಳೆತಿತ್ತೆಂದು ಹೇಳಿಕೆಯುಂಟು. ಕಂದಕದಲ್ಲಿ ಅಡಗಿದ ಸೈನಿಕನು ತಲೆಯನ್ನು ಮೇಲೆತ್ತದೆ, ಕನ್ನಡಿಯ ನೆರವಿನಿಂದ, ಎದುರಿನ ರಣಭೂಮಿಯನ್ನು ನೋಡಿಕೊಳ್ಳುವಂತೆ, ಕ್ಯಾಮೆರಾವೂ ತಾನು ನೋಡುವ ದಾರಿಯನ್ನು ಒಂದು ಕನ್ನಡಿಯಿಂದ ತಿರುಗಿಸಿಕೊಳ್ಳಬಾರದೇಕೆ ಎಂಬುದೇ ಆ ಕಲ್ಪನೆ.

ಆದರೆ ಹೊಸ ಸಂಸ್ಥೆಯ ಮೊದಲ ಕ್ಯಾಮೆರಾ ಅದಾಗಿರಲಿಲ್ಲ. ಆ ಕಾಲದಲ್ಲಿ ಘನಚಿತ್ರಗಳ ಹುಚ್ಚು ಯುರೋಪಿನಲ್ಲಿ ವ್ಯಾಪಕವಾಗಿದ್ದುದರಿಂದ, ಎರಡು ಮಸೂರಗಳಿಂದ ಎರಡು ಚಿತ್ರಗಳನ್ನು ಏಕಕಾಲದಲ್ಲಿ ತೆಗೆದು, ಅವೆರಡರ ನಡುವಣ ಮೂರನೆಯ ಮಸೂರದಿಂದ ದೃಶ್ಯವನ್ನು ನೋಡಲು ಅನುವು ಮಾಡಿಕೊಡುವ ಹೈಡೋಸ್ಕೋಪ್ ಎಂಬ ಕ್ಯಾಮೆರಾವನ್ನು ಅವರು ಮೊದಲು ರಚಿಸಿದರು. ಅದು ಗಾಜಿನ ಫಲಕಗಳ ಕ್ಯಾಮೆರಾ. 1926ರಲ್ಲಿ ಅದೇ ವಿನ್ಯಾಸವನ್ನು ಸುರುಳಿ ಫಿಲ್ಮಿಗೆ ಹೊಂದಿಸಿ ರೋಲೈಡೋಸ್ಕೋಪ್ ಎಂಬುದನ್ನು ಹೊರತಂದರು. ಫಲಕವು ತನ್ನ ಬಿರುಸಿನಿಂದ ತಾನೇ ಸಮತಟ್ಟಾಗಿ ನಿಲ್ಲುತ್ತದೆ. ಫಿಲ್ಮಾದರೋ ಸುರುಳಿಯಿಂದ ಬಿಚ್ಚಿಕೊಂಡ ಮೇಲೂ ಸುರುಳಿಯ ಸ್ವಭಾವವನ್ನು ಬಿಡದೆ ಬಳುಕುತ್ತದೆ. ಅದನ್ನು ಒತ್ತುಫಲಕದಿಂದ ಹಿಡಿದು ಸಮತಲದಲ್ಲಿ ನಿಲ್ಲಿಸುವ ವಿದ್ಯೆಯನ್ನು ಈ ಕ್ಯಾಮೆರಾದ ಮೇಲೆ ಕಲಿತ ಹೈಡೆಕೆಯು, ಅದರ ಚಿತ್ರಗ್ರಹಣ ಮಸೂರಗಳಲ್ಲಿ ಒಂದನ್ನು ಕಿತ್ತುಹಾಕಿ, ಉಳಿದೆರಡನ್ನು ಒಂದರ ಮೇಲೊಂದು ಇರಿಸಿದಾಗ, 1929ರ ರೋಲೈಫ್ಲೆಕ್ಸಿನ ರೂಪವು ಸಿದ್ಧಿಸಿತು. ಜೋಡಿ ಮಸೂರದ ಕ್ಯಾಮೆರಾಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದ್ದುವಾದರೂ ಅವು ಭಾರವಾದ ಮರದ ಪೆಟ್ಟಿಗೆಗಳು. ಒಂದು ಅಂಗೈಯ ಮೇಲೆ ಕೂರಬಲ್ಲ ಲೋಹದ ಯಂತ್ರವಾಗಿ ಆ ಕಲ್ಪನೆಯನ್ನು ಕುಗ್ಗಿಸಿದುದು ಬ್ರೌನ್‌ಶ್ವೈಗಿನ ಸಾಧನೆ.

ಅದರ ರಚನೆಯನ್ನು ಅರಿತವರಿಗೆ ಅದರ ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟಿದುವೆಂದು ತಿಳಿಯುತ್ತದೆ. ಕೆಳಗಿನ ಮಸೂರವು ಚಿತ್ರವನ್ನು ತೆಗೆಯುತ್ತದೆ. ಅದರ ಗಾಜುಗಳ ನಡುವೆಯೇ ಷಟರು, ಅವುಗಳ ಹಿಂದೆ ಫಿಲ್ಮು. ಮೇಲಿನ ಮಸೂರವು ನೋಡುವುದಕ್ಕೆ ಮಾತ್ರ; ಅದರ ಹಿಂದೆ 45 ಅಂಶದ ಕೋನದಲ್ಲಿ ಕದಲದೆ ನಿಂತ ಕನ್ನಡಿಯೊಂದಿದ್ದು, ಒಳಬಂದ ಬೆಳಕನ್ನು ಮೇಲ್ಮುಖವಾಗಿ ಎಸೆದು ಮಸಕು ಗಾಜಿನ ಮೇಲೆ ಬೀಳಿಸುತ್ತದೆ. ಎರಡು ಮಸೂರಗಳೂ ಒಂದೇ ಹಲಗೆಯ ಮೇಲೆ ಕುಳಿತು, ಬದಿಯ ಗುಂಡಿಯನ್ನು ತಿರುಗಿಸಿದಂತೆ ಒಟ್ಟಿಗೆ ಮುಂದಕ್ಕೂ ಹಿಂದಕ್ಕೂ ಸರಿಯುವುದರಿಂದ, ಮೇಲೆ ಸ್ಫುಟವಾಗಿ ಕಂಡುದು ಕೆಳಗೂ ಸ್ಫುಟವಾಗಿಯೇ ಮೂಡುತ್ತದೆ. ಕನ್ನಡಿಯು ಏಳಬೇಕಾಗಿಲ್ಲವಾದುದರಿಂದ ಚಿತ್ರ ತೆಗೆಯುವ ಕ್ಷಣದಲ್ಲಿ ದೃಶ್ಯವು ಕಣ್ಮರೆಯಾಗುವುದಿಲ್ಲ. ನಗುವು ಅರಳಿದುದೋ ರೆಪ್ಪೆ ಮುಚ್ಚಿದುದೋ ಛಾಯಾಗ್ರಾಹಕನಿಗೆ ಆಗಲೇ ತಿಳಿಯುತ್ತದೆ. ಮ್ಯೂನಿಕ್ ನಗರದ ಡೆಕೆಲ್ ಕಾರ್ಖಾನೆಯ ಕಾಂಪೂರ್ ಷಟರು ಎಲೆಗಳಂತಹ ತೆಳು ಉಕ್ಕಿನ ತಗಡುಗಳಿಂದ ತೆರೆದು ಮುಚ್ಚುವಂತಹುದಾದುದರಿಂದ ಅದರ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸಲಾರದಷ್ಟು ಮೆಲು.

ಎರಡು ಮಸೂರಗಳ ನಡುವೆ ನಾಲ್ಕು ಸೆಂಟಿಮೀಟರಿಗೆ ತುಸು ಮಿಕ್ಕ ಅಂತರವಿರುವುದರಿಂದ, ದೂರದ ಬೆಟ್ಟವನ್ನು ತೆಗೆಯುವಾಗ ಗಮನಕ್ಕೇ ಬಾರದ ವ್ಯತ್ಯಾಸವು, ಹತ್ತಿರದ ಮುಖವನ್ನು ತೆಗೆಯುವಾಗ ಹಣೆಯನ್ನು ಕತ್ತರಿಸಿಬಿಡುವಷ್ಟು ದೊಡ್ಡದಾಗುತ್ತದೆ. ಇದನ್ನು ನಿವಾರಿಸಲು ಮಸಕು ಗಾಜಿನ ಅಡಿಯಲ್ಲಿ ಒಂದು ಚೌಕಟ್ಟನ್ನಿರಿಸಿ, ಫೋಕಸ್ ಹತ್ತಿರವಾದಂತೆಲ್ಲ ಅದು ತಾನಾಗಿ ಸರಿದು, ಫಿಲ್ಮಿಗೆ ದಕ್ಕದ ಭಾಗವನ್ನು ಕಣ್ಣಿಗೂ ಮರೆಮಾಡುವಂತೆ ಮಾಡಿದರು. ಇನ್ನೂ ಹತ್ತಿರದ ವಸ್ತುಗಳಿಗಾಗಿ ಮುಂದೆ ತಗುಲಿಸುವ ರೋಲೈನಾರ್ ಮಸೂರಗಳು ಬಂದಾಗ, ಮೇಲಿನ ಕಣ್ಣಿಗೆ ಮಾತ್ರ ಓರೆಯಾದ ಗಾಜನ್ನು ಸೇರಿಸಿ ಅದರ ನೋಟವನ್ನೇ ಕೆಳಕ್ಕೆ ಬಾಗಿಸಿದರು. ಒಂದೇ ಒಂದು ದೋಷವು ಮಾತ್ರ ಹಾಗೆಯೇ ಉಳಿಯಿತು. ಒಂದೇ ಕನ್ನಡಿಯ ಪ್ರತಿಬಿಂಬವಾದುದರಿಂದ ಮಸಕು ಗಾಜಿನ ಮೇಲೆ ಎಡವು ಬಲವಾಗಿ, ಬಲವು ಎಡವಾಗಿ ತೋರುತ್ತದೆ. ಮುಚ್ಚಳವನ್ನೆತ್ತಿ, ನಾಲ್ಕು ತಗಡಿನ ಗೋಡೆಗಳು ತಾವಾಗಿ ಎದ್ದು ನಿಂತ ಆ ಪುಟ್ಟ ಬಾವಿಯೊಳಕ್ಕೆ ಬಗ್ಗಿ ನೋಡಿದರೆ, ಬೀದಿಯಲ್ಲಿ ಎಡದಿಂದ ಬಲಕ್ಕೆ ನಡೆಯುವ ಹೆಂಗಸು ಬಲದಿಂದ ಎಡಕ್ಕೆ ನಡೆಯುತ್ತಾಳೆ; ಅವಳನ್ನು ಹಿಂಬಾಲಿಸಲು ಕ್ಯಾಮೆರಾವನ್ನು ಸಹಜವಾಗಿ ತಿರುಗಿಸಿದವನ ಗಾಜಿನಿಂದ ಅವಳು ಇನ್ನಷ್ಟು ಬೇಗ ಜಾರಿಹೋಗುತ್ತಾಳೆ. ಕೈಯನ್ನು ಕಣ್ಣಿನ ಸಾಕ್ಷ್ಯಕ್ಕೆ ವಿರುದ್ಧವಾಗಿ ನಡೆಸುವ ಅಭ್ಯಾಸವಾಗುವವರೆಗೆ ಈ ಕ್ಯಾಮೆರಾವು ಯಾರಿಗೂ ಒಲಿಯುವುದಿಲ್ಲ. ಒಲಿದ ಮೇಲೆ ಮಾತ್ರ, ಆರು ಸೆಂಟಿಮೀಟರಿನ ಆ ಚೌಕದಲ್ಲಿ ಬಣ್ಣಬಣ್ಣವಾಗಿ ಜೀವಂತವಾಗಿ ಆಡುವ ಲೋಕವನ್ನು ಎರಡು ಕಣ್ಣುಗಳಿಂದಲೂ ನೋಡುವ ಆನಂದವು ಬೇರೆ ಯಾವ ಕ್ಯಾಮೆರಾದಲ್ಲಿಯೂ ದೊರೆಯದು.

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. 1929ರ ರೋಲೈಫ್ಲೆಕ್ಸಿನಲ್ಲಿ ಬಳಸಿದುದು 117 ಎಂಬ ಸಂಖ್ಯೆಯ ಫಿಲ್ಮು. ಅಮೆರಿಕದ ಕೊಡಾಕ್ ಸಂಸ್ಥೆಯು 1900ರಲ್ಲಿ ತನ್ನ ಅಗ್ಗದ ಬ್ರೌನಿ ಪೆಟ್ಟಿಗೆ ಕ್ಯಾಮೆರಾಕ್ಕಾಗಿ ತಂದ ಸುರುಳಿಯದು. ಅದರಲ್ಲಿ ದೊರೆಯುತ್ತಿದ್ದುದು ಆರೇ ಚಿತ್ರಗಳು. ಸುರುಳಿಯು ಸಣ್ಣದಾದುದರಿಂದ ಕ್ಯಾಮೆರಾವೂ ಸಣ್ಣದಾಯಿತೆಂಬುದು ಲಾಭ, ಆರು ಚಿತ್ರಗಳಿಗೊಮ್ಮೆ ಹೊಸ ಸುರುಳಿಯನ್ನು ಹೂಡಬೇಕೆಂಬುದು ನಷ್ಟ. ಕ್ಯಾಮೆರಾದ ಬೆನ್ನಿನಲ್ಲಿ ಕೆಂಪು ಗಾಜಿನ ಪುಟ್ಟ ಕಿಟಕಿಯೊಂದಿದ್ದು, ಫಿಲ್ಮಿನ ಬೆನ್ನಿಗಂಟಿದ ಕಾಗದದ ಮೇಲೆ ಅಚ್ಚಾದ ಅಂಕಿಗಳು ಆ ಕಿಟಕಿಯಲ್ಲಿ ಒಂದೊಂದಾಗಿ ಹಾದುಬರುತ್ತಿದ್ದುವು. ಅಂಕಿ ಕಂಡೊಡನೆ ತಿರುಗಿಸುವುದನ್ನು ನಿಲ್ಲಿಸಬೇಕು. ಆ ಕಾಲದ ಸುರುಳಿ ಕ್ಯಾಮೆರಾಗಳೆಲ್ಲದರ ರೀತಿಯೂ ಇದೇ. ಇದು ಸರಳವಾದ ಉಪಾಯವಾದರೂ, ಪ್ರತಿ ಚಿತ್ರಕ್ಕೂ ಛಾಯಾಗ್ರಾಹಕನು ಎದುರಿನ ದೃಶ್ಯದಿಂದ ಕಣ್ಣು ಕಿತ್ತು, ಕ್ಯಾಮೆರಾವನ್ನು ಹೊರಳಿಸಿ, ಮಂಕಾದ ಕೆಂಪು ಬೆಳಕಿನಲ್ಲಿ ಅಂಕಿಯನ್ನು ಹುಡುಕಬೇಕಾಗಿದ್ದಿತು. ಅಂಕಿಯನ್ನು ದಾಟಿ ತಿರುಗಿಸಿದರೆ ಫಿಲ್ಮು ಹಾಳು, ತಿರುಗಿಸಲು ಮರೆತರೆ ಒಂದೇ ಚೌಕದಲ್ಲಿ ಎರಡು ಚಿತ್ರಗಳ ಕಲಸುಮೇಲೋಗರ.

1932ರಲ್ಲಿ ಬಂದ ಸ್ಟ್ಯಾಂಡರ್ಡ್ ಮಾದರಿಯು 120 ಫಿಲ್ಮಿಗೆ ಹೊಂದುವಂತೆ ರಚಿತವಾಗಿ ಹನ್ನೆರಡು ಚಿತ್ರಗಳನ್ನು ಕೊಟ್ಟಿತು. ಕೊಡಾಕಿನವರು ಆ ಫಿಲ್ಮನ್ನು 1901ರಲ್ಲಿ ತಂದುದು ಉದ್ದನೆಯ ಚಿತ್ರಗಳಿಗಾಗಿ. ಕಿಟಕಿಯ ಉಪಾಯದಿಂದ ಪಾರಾಗಬೇಕಾದರೆ ಯಂತ್ರವೇ ಎಣಿಸಬೇಕು. ಆದರೆ ಎಣಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಏಕೆಂದರೆ ಮೇಲಿನ ಸ್ಪೂಲಿಗೆ ಫಿಲ್ಮು ಸುತ್ತಿಕೊಂಡಂತೆಲ್ಲ ಅದರ ಗಾತ್ರ ದಪ್ಪವಾಗುತ್ತ ಹೋಗಿ, ಮೊದಲ ಸುತ್ತಿನಲ್ಲಿ ಸರಿದಷ್ಟಕ್ಕಿಂತ ಕೊನೆಯ ಸುತ್ತಿನಲ್ಲಿ ಹೆಚ್ಚು ಉದ್ದ ಸರಿಯುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದು, ಚಿತ್ರದಿಂದ ಚಿತ್ರಕ್ಕೆ ತಿರುಗುವಿಕೆಯನ್ನು ತುಸುತುಸುವಾಗಿ ಮೊಟಕುಗೊಳಿಸುವ ಗಣಕವನ್ನು ಹೈಡೆಕೆ ಅಳವಡಿಸಿದನು. ಬದಿಯಲ್ಲಿ ಗುಂಡಿಯ ಬದಲು ಮಡಿಸಬಲ್ಲ ಹಿಡಿಯೊಂದನ್ನು ಇರಿಸಿದನು. ಆದರೂ ಮೊದಲನೆಯ ಅಂಕಿಯನ್ನು ಮಾತ್ರ ಕಿಟಕಿಯಲ್ಲಿಯೇ ನೋಡಿ ನಿಲ್ಲಿಸಬೇಕಾಗಿದ್ದಿತು. ಅಲ್ಲಿಂದ ಮುಂದಕ್ಕೆ ಗಣಕದ ಆಳ್ವಿಕೆ. ಯಂತ್ರಕ್ಕೆ ಎಣಿಸಲು ಬಂದಿತೇ ವಿನಾ, ಎಲ್ಲಿಂದ ಎಣಿಸತೊಡಗಬೇಕೆಂಬುದು ಇನ್ನೂ ತಿಳಿದಿರಲಿಲ್ಲ.

1937ರ ಆಟೋಮಾಟ್ ಮಾದರಿಯಲ್ಲಿ ಆ ಅರಿವೂ ಅದಕ್ಕೆ ದೊರೆಯಿತು. ಹೂಡುವವನು ಕೆಳಗಿನ ಸ್ಪೂಲಿನಿಂದ ಕಾಗದದ ತುದಿಯನ್ನೆಳೆದು, ಅಲ್ಲಿಯೇ ಅಡ್ಡಲಾಗಿ ಕೂರಿಸಿದ ಎರಡು ನುಣುಪಾದ ಉರುಳೆಗಳ ನಡುವೆ ತೂರಿಸಿ, ಮೇಲಿನ ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸುತ್ತಾನೆ. ಬೆನ್ನನ್ನು ಮುಚ್ಚಿ ಹಿಡಿಯನ್ನು ತಿರುಗಿಸತೊಡಗುತ್ತಾನೆ. ಮೊದಲಿಗೆ ಹಾದುಹೋಗುವುದು ಬರಿಯ ಕಾಗದ. ಕಾಗದಕ್ಕೆ ಫಿಲ್ಮನ್ನು ಅಂಟಿಸಿದ ಪಟ್ಟಿಯು ಉರುಳೆಗಳ ನಡುವೆ ಬಂದಾಗ, ಜವಳಿ ವ್ಯಾಪಾರಿಯು ಬಟ್ಟೆಯ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ನೂಲಿನ ದಪ್ಪವನ್ನು ಅರಿಯುವಂತೆ, ಉರುಳೆಗಳು ಆ ಅತ್ಯಲ್ಪವಾದ ದಪ್ಪವನ್ನು ಗ್ರಹಿಸಿ ತುಸುವೇ ಅಗಲುತ್ತವೆ. ಆ ಅಗಲಿಕೆಯು ಗಣಕದ ಕೊಂಡಿಯನ್ನು ಬಿಡಿಸುತ್ತದೆ. ಹಿಡಿಯು ಇನ್ನಷ್ಟು ತಿರುಗಿ, ಅಂಕಿ 1 ಕಾಣಿಸಿ, ತಾನಾಗಿ ನಿಲ್ಲುತ್ತದೆ. ವಿದ್ಯುತ್ತಿನ ನೆರವಿಲ್ಲದೆ, ಕೇವಲ ಉಕ್ಕಿನ ಸ್ಪರ್ಶದಿಂದ, ಕತ್ತಲೆಯಲ್ಲಿ ಫಿಲ್ಮಿನ ಆರಂಭವನ್ನು ಪತ್ತೆಹಚ್ಚುವ ಈ ಉಪಾಯವನ್ನು ನಾನು ಕ್ಯಾಮೆರಾದ ಇತಿಹಾಸದ ಅತ್ಯಂತ ಸುಂದರವಾದ ಕಲ್ಪನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಮುಂದಕ್ಕೂ ಹಿಂದಕ್ಕೂ ಆಡುವ ಹಿಡಿಯ ಒಂದೇ ಚಲನೆಯಲ್ಲಿ ಫಿಲ್ಮೂ ಸರಿದು, ಷಟರೂ ಬಿಗಿದುಕೊಂಡು, ಅಂಕಿಯೂ ಮುಂದುವರಿಯುತ್ತಿದ್ದುದರಿಂದ, ಒಂದರ ಮೇಲೊಂದು ಚಿತ್ರ ಬೀಳುವ ಭಯವು ನೀಗಿತು. ಅದೇ ವರ್ಷ ಪ್ಯಾರಿಸಿನ ವಿಶ್ವ ಪ್ರದರ್ಶನದಲ್ಲಿ ಈ ಮಾದರಿಗೆ ಅತ್ಯುನ್ನತ ಬಹುಮಾನವು ದೊರೆತುದು ಯೋಗ್ಯವಾಗಿಯೇ ಇದೆ.

ಮಸೂರಗಳ ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಆರಂಭದಿಂದಲೂ ಕೆಳಗಿನ ಕಣ್ಣು ಝೈಸ್ ಸಂಸ್ಥೆಯ ಟೆಸ್ಸಾರ್. 1902ರಲ್ಲಿ ಪೌಲ್ ರುಡಾಲ್ಫನು ರಚಿಸಿದ ನಾಲ್ಕು ಗಾಜುಗಳ ಈ ಮಸೂರವು ಸ್ಫುಟತೆಗೆ ಹೆಸರಾಗಿದ್ದಿತು. ಯುದ್ಧಾನಂತರದ ಮಾದರಿಗಳಲ್ಲಿ ಅದೇ ರುಡಾಲ್ಫನು 1896ರಲ್ಲಿ ಕಲ್ಪಿಸಿದ್ದ ಪ್ಲಾನಾರ್ ಎಂಬುದು ಹೊಸ ರೂಪದಲ್ಲಿ ಮರಳಿ ಬಂದಿತು. ಗಾಜಿನ ಮೇಲೆ ತೆಳುವಾದ ಲೇಪವನ್ನು ಹಚ್ಚಿ ಒಳಪ್ರತಿಫಲನವನ್ನು ತಗ್ಗಿಸುವ ವಿದ್ಯೆಯು ಆ ವೇಳೆಗೆ ಕೈಗೂಡಿದ್ದುದರಿಂದಲೇ, ಹೆಚ್ಚು ಗಾಜುಗಳುಳ್ಳ ಆ ಹಳೆಯ ರಚನೆಗೆ ಮರುಜನ್ಮ ಸಾಧ್ಯವಾಯಿತು. ಇಷ್ಟರ ಮೇಲೆ ಫಿಲ್ಮಿನ ಗಾತ್ರವೇ ಒಂದು ಶ್ರೀಮಂತಿಕೆ: ಬದಿಗೆ 56 ಮಿಲಿಮೀಟರಿನ ಚೌಕ ನೆಗೆಟಿವ್, ಆಗ ಪ್ರಬಲವಾಗುತ್ತಿದ್ದ 35 ಮಿಲಿಮೀಟರ್ ಫಿಲ್ಮಿನ ಚಿತ್ರಕ್ಕಿಂತ ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗೂ ಮಿಗಿಲು.

ಎರಡನೆಯ ಮಹಾಯುದ್ಧವು ಈ ಕಾರ್ಖಾನೆಯನ್ನು ನೆಲಸಮಮಾಡದೆ ಬಿಟ್ಟುದೇ ಹೆಚ್ಚು. 1944ರ ಅಕ್ಟೋಬರಿನ ವಿಮಾನದಾಳಿಯಲ್ಲಿ ಬ್ರೌನ್‌ಶ್ವೈಗಿನ ಪುರಾತನ ನಗರಭಾಗವು ಉರಿದು ಬೂದಿಯಾಯಿತು. ಕಾರ್ಖಾನೆಗೂ ತೀವ್ರವಾದ ಹಾನಿಯಾಯಿತು. ಯುದ್ಧವು ಮುಗಿದ ಮೇಲೆ ಊರು ಬ್ರಿಟಿಷರ ವಶದಲ್ಲಿ, ಮಸೂರಗಳು ಬರುತ್ತಿದ್ದ ಯೇನಾ ನಗರವು ರಷ್ಯನರ ವಶದಲ್ಲಿ. ಝೈಸ್ ಸಂಸ್ಥೆಯೇ ಎರಡಾಗಿ ಸೀಳಿ, ಒಂದು ಭಾಗವು ಪಶ್ಚಿಮದ ಓಬರ್‌ಕೋಖೆನ್‌ನಲ್ಲಿ ಹೊಸದಾಗಿ ತಲೆಯೆತ್ತಬೇಕಾಯಿತು. ಕ್ರಾಯ್ಟ್ಸ್‌ನಾಖ್ ಊರಿನ ಶ್ನೈಡರ್ ಸಂಸ್ಥೆಯ ಮಸೂರಗಳನ್ನು ಕೆಲವು ಕ್ಯಾಮೆರಾಗಳಿಗೆ ತೊಡಿಸಿದುದು ಈ ಅಭಾವದ ದಿನಗಳಲ್ಲಿ ದೊಡ್ಡ ಆಸರೆಯಾಯಿತು. ಫ್ರಾಂಕೆ 1950ರಲ್ಲಿ ತೀರಿಕೊಂಡನು. ಹೈಡೆಕೆ 1960ರವರೆಗೆ ಬದುಕಿ ತನ್ನ ಸೃಷ್ಟಿಯ ಪೂರ್ಣವೈಭವವನ್ನು ಕಂಡನು.

ಆ ವೈಭವದ ಕಾಲದಲ್ಲಿ ಪತ್ರಿಕಾ ಛಾಯಾಗ್ರಾಹಕನೆಂದರೆ ರೋಲೈಫ್ಲೆಕ್ಸನ್ನು ಕೊರಳಿಗೆ ತೂಗುಹಾಕಿಕೊಂಡವನೆಂದೇ ಜನರು ಕಲ್ಪಿಸಿಕೊಳ್ಳುತ್ತಿದ್ದರು. ಪ್ಯಾರಿಸಿನ ಬೀದಿಗಳನ್ನು ಪ್ರೀತಿಯಿಂದ ಚಿತ್ರಿಸಿದ ರೊಬೇರ್ ದ್ವಾನೋ, ಯುದ್ಧಭೂಮಿಯ ನಡುವೆ ನಡೆದ ಲೀ ಮಿಲ್ಲರ್, ಶಿಕಾಗೋ ನಗರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದುಕೊಂಡು ಯಾರಿಗೂ ತೋರಿಸದೆ ಸಾವಿರಾರು ಚಿತ್ರಗಳನ್ನು ತೆಗೆದಿಟ್ಟ ವಿವಿಯನ್ ಮೇಯರ್, ಇವರೆಲ್ಲರ ಕೈಯಲ್ಲಿದ್ದುದು ಇದೇ ಕ್ಯಾಮೆರಾ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕರಾದ ಹೋಮಾಯ್ ವ್ಯಾರಾವಾಲಾ ಅವರು ದೆಹಲಿಯಲ್ಲಿ ಸ್ವಾತಂತ್ರ್ಯೋದಯದ ದಿನಗಳನ್ನು ದಾಖಲಿಸಿದ ಉಪಕರಣಗಳಲ್ಲಿ ರೋಲೈಫ್ಲೆಕ್ಸೂ ಒಂದು. ಛಾಯಾಗ್ರಾಹಕನ ತಲೆ ಬಾಗಿರುವುದರಿಂದ ಎದುರಿನವರಿಗೆ ತಮ್ಮ ಮೇಲೆ ನೋಟವೊಂದು ನಾಟಿದೆಯೆಂಬ ಭಾವನೆ ಬರುವುದಿಲ್ಲ. ಎದೆಯ ಮಟ್ಟದಿಂದ ನೋಡುವ ಮಸೂರವು ಮಕ್ಕಳನ್ನೂ ಕುಳಿತು ದುಡಿಯುವವರನ್ನೂ ಅವರವರ ಎತ್ತರದಲ್ಲಿಯೇ ಕಾಣುತ್ತದೆ. ಬೀದಿಯ ಚಿತ್ರಗಳಲ್ಲಿ ಕಂಡುಬರುವ ಒಂದು ಬಗೆಯ ಸಲಿಗೆಯು ಈ ಕಾರಣದಿಂದ ಬಂದುದೆಂದು ನನಗೆ ತೋರುತ್ತದೆ.

ಕರ್ನಾಟಕದ ಮನೆಗಳಿಗೆ ಈ ಸಂಪ್ರದಾಯವು ಬಂದುದು ಹೆಚ್ಚಾಗಿ ಬಳಸುದಾರಿಯಿಂದ. ಆಮದಿನ ಮೇಲೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದ ದಶಕಗಳಲ್ಲಿ ಜರ್ಮನ್ ಕ್ಯಾಮೆರಾವು ದೊಡ್ಡ ಊರಿನ ಅನುಕೂಲವಂತ ಸ್ಟುಡಿಯೋಗಳ ಸೊತ್ತು; ಉಳಿದವರು ಅದರ ಜಪಾನೀ ಅನುಕರಣವಾದ ಯಾಶಿಕಾವನ್ನು, ಅದೂ ಕೈಯಿಂದ ಕೈಗೆ ಬಂದುದನ್ನು, ಕೊಂಡು ಮದುವೆ ಮುಂಜಿಗಳ ಚಿತ್ರ ತೆಗೆಯುತ್ತಿದ್ದರು. ಮನೆಮಂದಿಯ ಕೈಗೆ ಸಿಕ್ಕಿದುದು ಆಗ್ಫಾ ಕ್ಲಿಕ್ 3 ಎಂಬ ಸರಳ ಪೆಟ್ಟಿಗೆ. ಅದೂ 120 ರೀಲಿನಲ್ಲಿ ಹನ್ನೆರಡು ಚೌಕಗಳನ್ನೇ ತೆಗೆಯುತ್ತಿದ್ದಿತು. ಹಳೆಯ ಆಲ್ಬಮ್ಮುಗಳ ಕಪ್ಪು ಹಾಳೆಗಳಲ್ಲಿ, ಮೂಲೆಗಳಿಗೆ ಕಾಗದದ ಕೊಂಡಿಗಳನ್ನು ಸಿಕ್ಕಿಸಿ ಅಂಟಿಸಿದ, ಬಿಳಿಯ ಅಂಚಿನ ಚೌಕನೆಯ ಫೋಟೋಗಳನ್ನು ಕಂಡವರೆಲ್ಲರೂ ಈ ಫಿಲ್ಮಿನ ಸಂತಾನವನ್ನು ಕಂಡವರೇ. ಕ್ಲಿಕ್ಕಿನ ಬೆನ್ನಿನಲ್ಲಿ ಕೆಂಪು ಕಿಟಕಿಯಿದ್ದಿತು. ಹೈಡೆಕೆಯು 1937ರಲ್ಲಿ ತೊಡೆದುಹಾಕಿದ ಆ ಕಿಟಕಿಯಲ್ಲಿ, ಅದಾದ ಎಷ್ಟೋ ವರ್ಷಗಳ ಮೇಲೂ ನಮ್ಮ ಹಿರಿಯರು, ಬಿಸಿಲಿಗೆ ಅಂಗೈ ಮರೆಮಾಡಿಕೊಂಡು, ಮುಂದಿನ ಅಂಕಿಗಾಗಿ ಕಾದರು. ರೀಲಿಗೂ ಸ್ವದೇಶದ ಮೂಲವೊಂದಿದ್ದಿತು: 1960ರಲ್ಲಿ ಸ್ಥಾಪಿತವಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ಇಂದು ಎಂಬ ಹೆಸರಿನಲ್ಲಿ ಫಿಲ್ಮನ್ನು ದೇಶದ ಮಾರುಕಟ್ಟೆಗೆ ಒದಗಿಸುತ್ತಿದ್ದಿತು.

ಬ್ರೌನ್‌ಶ್ವೈಗಿನ ಇಳಿಗಾಲಕ್ಕೆ ಕಾರಣಗಳು ಹಲವು. 1948ರಲ್ಲಿ ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್, ಮಸೂರವನ್ನೂ ಫಿಲ್ಮಿನ ಪೆಟ್ಟಿಗೆಯನ್ನೂ ಬದಲಾಯಿಸಬಲ್ಲ ಚೌಕಚಿತ್ರದ ಕ್ಯಾಮೆರಾವನ್ನು ತಂದಿತು. 1959ರಲ್ಲಿ ಜಪಾನಿನ ನಿಕಾನ್ ಎಫ್ ಬಂದು ಪತ್ರಿಕಾ ಛಾಯಾಗ್ರಾಹಕರನ್ನು ಸಣ್ಣ ಫಿಲ್ಮಿನತ್ತ ಸೆಳೆಯಿತು. ಮಸೂರವನ್ನು ಬದಲಾಯಿಸಲಾಗದ ರೋಲೈಫ್ಲೆಕ್ಸು ಅದಕ್ಕೆ ಉತ್ತರವಾಗಿ, ದೂರದೃಶ್ಯಕ್ಕೆ ಒಂದು, ವಿಶಾಲದೃಶ್ಯಕ್ಕೆ ಒಂದು ಎಂದು ಬೇರೆಬೇರೆ ಕ್ಯಾಮೆರಾಗಳನ್ನೇ ಕಟ್ಟಿತು. ಉತ್ತರವು ಸೊಗಸಾದುದೇ, ಆದರೆ ಮೂರು ಕ್ಯಾಮೆರಾಗಳನ್ನು ಕೊಳ್ಳಬಲ್ಲವರು ಎಷ್ಟು ಮಂದಿ? ತಾವು ಪರಿಪೂರ್ಣಗೊಳಿಸಿದ ಯಂತ್ರದ ಮೇಲಣ ಮಮತೆಯೇ ಅದನ್ನು ಮೀರಿ ಯೋಚಿಸಲು ಅವರಿಗೆ ಅಡ್ಡಿಯಾಯಿತು ಎನ್ನಬೇಕು. ಕೂಲಿಯ ವೆಚ್ಚವನ್ನು ತಗ್ಗಿಸಲೆಂದು 1970ರ ದಶಕದ ಆರಂಭದಲ್ಲಿ ಉತ್ಪಾದನೆಯ ದೊಡ್ಡ ಭಾಗವನ್ನು ಸಿಂಗಪುರಕ್ಕೆ ಸಾಗಿಸಿದರು. ಸ್ಥಾಪಕರಿಬ್ಬರೂ ಒಂದು ಕಾಲದಲ್ಲಿ ಬಿಟ್ಟುಬಂದಿದ್ದ ಫೋಖ್ಟ್‌ಲೆಂಡರ್ ಎಂಬ ಹೆಸರೂ ಅದೇ ದಶಕದಲ್ಲಿ ಇವರ ಕೈಸೇರಿತು. 1981ರಲ್ಲಿ ಸಂಸ್ಥೆಯು ದಿವಾಳಿಯಾಯಿತು. ಅಲ್ಲಿಂದಾಚೆಗೆ ಹೆಸರುಗಳೂ ಒಡೆಯರೂ ಬದಲಾಗುತ್ತ, ಅಲ್ಪಸಂಖ್ಯೆಯ ಜೋಡಿಗಣ್ಣಿನ ಕ್ಯಾಮೆರಾಗಳು ಮತ್ತೆ ಕೆಲವು ದಶಕಗಳ ಕಾಲ ಅಲ್ಲಿ ತಯಾರಾದುವು.

ಊಟಿಯ ಕಾರ್ಖಾನೆಯೂ ಮುಚ್ಚಿತು, 117 ಫಿಲ್ಮು ಎಂದೋ ಕಣ್ಮರೆಯಾಯಿತು. 120 ಫಿಲ್ಮು ಮಾತ್ರ ಅಮೆರಿಕದ ರಾಚೆಸ್ಟರಿನಲ್ಲಿಯೂ ಇಂಗ್ಲೆಂಡಿನ ಮಾಬರ್ಲಿಯಲ್ಲಿಯೂ ಇಂದಿಗೂ ತಯಾರಾಗುತ್ತದೆ. ಆದುದರಿಂದ ಹಳೆಯ ಆಟೋಮಾಟ್ ಒಂದನ್ನು ಕೊಂಡು ಬಳಸಬೇಕೆಂಬ ಆಸೆಯುಳ್ಳವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರು ಮೊದಲು ಒಂದು ರೀಲನ್ನು ಬಲಿಗೊಟ್ಟಾದರೂ ಉರುಳೆಗಳನ್ನು ಪರೀಕ್ಷಿಸಬೇಕು: ಅಂಕಿ 1ಕ್ಕೆ ಹಿಡಿ ನಿಲ್ಲದೆ ತಿರುಗುತ್ತಲೇ ಹೋದರೆ ಸ್ಪರ್ಶದ ಕೊಂಡಿ ಕೆಟ್ಟಿದೆಯೆಂದು ಅರ್ಥ, ಇಲ್ಲವೆ ಕಾಗದವನ್ನು ಉರುಳೆಗಳ ಹೊರಗೆ ಹಾಯಿಸಲಾಗಿದೆ. ಷಟರನ್ನು ಒಂದು ಸೆಕೆಂಡಿಗೆ ಇಟ್ಟು ಆಲಿಸಬೇಕು. ಒಳಗಿನ ಎಣ್ಣೆ ಗಟ್ಟಿಯಾಗಿದ್ದರೆ ಅದು ನಡುವೆ ತಡವರಿಸುತ್ತದೆ. ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ವರ್ಷಗಟ್ಟಲೆ ಬೀರುವಿನಲ್ಲಿ ಮುಚ್ಚಿಟ್ಟ ಕ್ಯಾಮೆರಾವಾದರೆ, ಮಸೂರವನ್ನು ದೀಪಕ್ಕೆ ಹಿಡಿದು, ಗಾಜಿನೊಳಗೆ ಜೇಡರ ಬಲೆಯಂತೆ ಹಬ್ಬುವ ಬೂಷ್ಟಿದೆಯೇ ಎಂದು ನೋಡಬೇಕು. ಕನ್ನಡಿಯು ಮಂಕಾಗಿದ್ದರೆ ಬಟ್ಟೆಯಿಂದ ಒರೆಸಲು ಹೋಗಬಾರದು. ಮನೆಯ ಕನ್ನಡಿಯಲ್ಲಿ ಬೆಳ್ಳಿಯ ಲೇಪ ಗಾಜಿನ ಹಿಂದಿದ್ದರೆ, ಇದರಲ್ಲಿ ಅದು ಗಾಜಿನ ಮುಂದಿದೆ. ಒರೆಸಿದ ಕೈಯೊಡನೆಯೇ ಲೇಪವೂ ಎದ್ದುಬರುತ್ತದೆ.